ಚಿಗವ್ವ ಅವ್ವನ ಸೀರೆ ಉಟ್ಟ ವರ್ಷ

ಹೋದ ತಿಂಗಳು ಹಳಿಯಾಳಕ್ಕೆ ಒಂದು ಮದುವೆಗೆ ಹೋಗಿದ್ದೆ. ಈಗಿನ ಹುಡುಗಿಯರಿಗೆ ಮುತ್ತಜ್ಜಿಯ ಕಾಲದ ಇಳಕಲ್ ಸೀರೆ ಉಟ್ಟು, ಖಣದ ಕುಪ್ಪಸ ತೊಟ್ಟು, ಮೂಗಿಗೆ ನತ್ತು ಏರಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದೇ ದೊಡ್ಡ ಸಡಗರ. ಅವರಿಗಾಗಿ ಯಾರೋ ಅಟ್ಟದಿಂದ ಒಂದು ಹಳೆಯ ಟ್ರಂಕು ಇಳಿಸಿ ಮುಚ್ಚಳ ಎತ್ತಿದರು. ಬಜೆ ಬೇರು, ಒಣಗಿದ ಬೇವಿನೆಲೆ, ವರ್ಷಗಟ್ಟಲೆ ಬಿಸಿಲು ಕಾಣದ ರೇಷ್ಮೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಅಜ್ಜಿಗೆ ಹಳೇದೆಲ್ಲಾ ನೆನಪಾತು" ಎಂದು ಹುಡುಗಿಯರು ನಕ್ಕರು. ನೆನಪಾದದ್ದು ನಿಜ. ಅದು ನಗುವಂಥ ನೆನಪಲ್ಲ ಎಂದು ಮದುವೆ ಮನೆಯಲ್ಲಿ ಹೇಳಲಿಕ್ಕಾಗುತ್ತದೆಯೇ? ಸುಮ್ಮನೆ ಎದ್ದು ಹೊರಗಿನ ಕಟ್ಟೆಯ ಮೇಲೆ ಬಂದು ಕೂತೆ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ನನಗೆ ಆಗ ಹನ್ನೊಂದು ವರ್ಷ. ನಮ್ಮ ಮನೆ ಹಳಿಯಾಳದ ಹಳೆಯ ಓಣಿಯಲ್ಲಿತ್ತು. ಅಪ್ಪ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನ. ಯುದ್ಧಕ್ಕೆಂದು ಸಾಗುವಾನಿ ದಿಮ್ಮಿಗಳು ಹಗಲೆಲ್ಲ ಸಾಗುತ್ತಿದ್ದುದರಿಂದ ಅವನು ಮನೆಗೆ ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. ನನ್ನನ್ನು ಹೆತ್ತ ಅವ್ವ ನಾನು ಮೂರು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಳು. ಗಂಗವ್ವ ಎಂದು ಅವಳ ಹೆಸರು. ಸಾಕಿದವಳು ಅಜ್ಜಿ. ಅವ್ವನ ಮಾತು ತೆಗೆದರೆ ಸಾಕು, ಅಜ್ಜಿ "ಸತ್ತವರ ಸುದ್ದಿ ಯಾಕ ಬೇಕ ನಿನಗ, ಉಣ್ಣು" ಎಂದು ಬಾಯಿಗೆ ರೊಟ್ಟಿ ತುರುಕುತ್ತಿದ್ದಳು. ಆ ಅಜ್ಜಿಯೂ ಹೋದಮೇಲೆ, ಮನೆಗೆ ಹೆಣ್ಣು ದಿಕ್ಕಿಲ್ಲವೆಂದು ಅಪ್ಪ ಮತ್ತೊಂದು ಮದುವೆ ಮಾಡಿಕೊಂಡ.

ಹಾಗೆ ಬಂದವಳು ಚಿಗವ್ವ. ಹೆಸರು ಶಾಂತವ್ವ. ಮುಂಡಗೋಡದ ಕಡೆಯ ಪಾಳಾ ಅವಳ ತವರು. ಹತ್ತೊಂಬತ್ತು ವರ್ಷವೂ ತುಂಬಿರಲಿಲ್ಲ. ಹುಬ್ಬಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ನಾಲ್ಕು ಅಕ್ಷರ ಕಲಿತಿದ್ದಳು. ಹೂವಿನ ಅಚ್ಚಿನ ಮಿಲ್ಲಿನ ಸೀರೆ, ಬುಗ್ಗೆ ತೋಳಿನ ಪೋಲಕ, ಜೊತೆಗೆ ಒಂದು ಸ್ಟೋವು ತಂದಿದ್ದಳು. ಓಣಿಯ ಹೆಂಗಸರು ಸ್ಟೋವು ನೋಡಲಿಕ್ಕೆ ಬಂದು ಪೋಲಕ ನೋಡಿಕೊಂಡು ಹೋಗುತ್ತಿದ್ದರು. ಮಲತಾಯಿ ಎಂದರೆ ಬರೆ ಹಾಕುವವಳು ಎಂದುಕೊಂಡಿದ್ದ ನಾನು ಒಂದು ವಾರದಲ್ಲೇ ಅವಳ ಬಾಲ ಹಿಡಿದು ತಿರುಗತೊಡಗಿದೆ.

ಅವಳ ಕೊರಳಲ್ಲಿ ಮಂಗಳಸೂತ್ರದ ಜೊತೆಗೆ ಇನ್ನೊಂದು ದಾರವಿತ್ತು. ಅದರಲ್ಲಿ ಉಗುರಿನಷ್ಟು ದೊಡ್ಡ ಬೆಳ್ಳಿಯ ಬಿಲ್ಲೆ, ಬಿಲ್ಲೆಯ ಮೇಲೆ ಒಂದು ಹೆಣ್ಣಿನ ಆಕಾರ. ಎರಡನೆಯ ಹೆಂಡತಿಯಾಗಿ ಬಂದವಳು ಸತ್ತ ಸವತಿಯ ಹೆಸರಿನಲ್ಲಿ ಅದನ್ನು ಕಟ್ಟಿಕೊಳ್ಳಬೇಕು. ಸವತಿ ತಾಳಿ ಎನ್ನುತ್ತಿದ್ದರು. ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಿ, "ಅಕ್ಕಾ, ನೀ ಉಡು, ಆಮ್ಯಾಲ ನಾ ಉಡತೇನಿ" ಎಂದು ಹೇಳಿಯೇ ಉಡಬೇಕು. ಹೇಳದಿದ್ದರೆ ಸತ್ತವಳು ಸಿಟ್ಟಾಗುತ್ತಾಳಂತೆ.

ಆದರೆ ಹೊಸ ಸೀರೆ ಬರಬೇಕಲ್ಲ! ಬಟ್ಟೆಗೆ ಕಂಟ್ರೋಲು ಬಂದಿತ್ತು. ಅಂಗಡಿಯ ಮುಂದೆ ಮುಂಜಾನೆಯಿಂದ ಸಾಲು ನಿಂತರೂ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಚಿಮಣಿ ಎಣ್ಣೆ ಇಲ್ಲದೆ ಸ್ಟೋವು ಮೂಲೆ ಸೇರಿತು. ಮಿಲ್ಲಿನ ಸೀರೆ ಮೊಣಕಾಲಿನ ಹತ್ತಿರ ಹರಿಯಿತು. ಸಂಕ್ರಾಂತಿಗೆ ಬಂದಿದ್ದ ಅಪ್ಪ ಅದನ್ನು ನೋಡಿ, ಮುಖ ಎತ್ತದೆ, "ಅಟ್ಟದ ಮ್ಯಾಲ ಆಕಿ ಟ್ರಂಕ ಐತಿ. ಉಡೂವಂಥಾವು ಇದ್ರ ನೋಡು" ಎಂದ.

ಆ ಟ್ರಂಕು ತೆರೆದ ದಿನ ನಾವಿಬ್ಬರೂ ಉಂಡದ್ದು ಮಧ್ಯಾಹ್ನ ತಿರುಗಿದಮೇಲೆ. ಕೆಂಪು ಸೆರಗಿನ ಇಳಕಲ್ ಸೀರೆಗಳು, ಗುಳೇದಗುಡ್ಡದ ಖಣದ ಕುಪ್ಪಸಗಳು, ಕಿವಿಯ ಬುಗುಡಿ, ನಡುವಿನ ಬೆಳ್ಳಿಯ ಡಾಬು. ಚಿಗವ್ವ ಒಂದೊಂದನ್ನೇ ಉಟ್ಟು, ಗೋಡೆಯ ಸಣ್ಣ ಕನ್ನಡಿಯಲ್ಲಿ ಕಂಡಷ್ಟು ನೋಡಿಕೊಂಡು, ಕಾಣದ್ದನ್ನು ನನ್ನ ಕೇಳುತ್ತಿದ್ದಳು. ನನಗೂ ಒಂದು ಸೀರೆ ಸುತ್ತಿದಳು, ಎಡವಿ ಬಿದ್ದೆ. ನಕ್ಕು ನಕ್ಕು ಸಾಕಾಯಿತು. ಆಮೇಲೆ ಸವತಿ ತಾಳಿಯನ್ನು ಬೆರಳಲ್ಲಿ ಹಿಡಿದು ಹೇಳಿದಳು:

"ನೋಡ ನೀಲಾ, ನಾ ಅಕ್ಕಗ ಉಡಸಬೇಕಂತ ಹೇಳಿ ಕಳಿಸಿದ್ರು. ಈಗ ಅಕ್ಕನ ನನಗ ಉಡಸಾಕತ್ತಾಳ."

ಅದಾದಮೇಲೆ ಕೇಳಿದಳು: "ನಿಮ್ಮವ್ವ ಹೆಂಗ ಉಡತಿದ್ಲು? ನಿನಗ ನೆನಪೈತೇನ?"

ನನ್ನ ಜನ್ಮದಲ್ಲಿ ಅವ್ವನ ಬಗ್ಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಎದೆ ಉಬ್ಬಿಹೋಯಿತು. "ಎಲ್ಲಾ ನೆನಪೈತಿ" ಎಂದೆ. ನನಗೆ ಏನೂ ನೆನಪಿರಲಿಲ್ಲ. ಮುಖ ಕೂಡ ನೆನಪಿರಲಿಲ್ಲ, ನೋಡೋಣವೆಂದರೆ ಒಂದು ಫೋಟೋ ಸಹ ಇರಲಿಲ್ಲ. ಆದರೂ ಬಾಯಿ ತೆರೆದರೆ ಸಾಕು, ಸುಳ್ಳು ಹದವಾಗಿ ಬರುತ್ತಿತ್ತು. ಅವ್ವ ರೊಟ್ಟಿ ಬಡಿಯುವಾಗ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು ಎಂದೆ. ಮೊದಲ ರೊಟ್ಟಿಯ ಮೇಲೆ ಮೂರು ಬೆರಳು ಒತ್ತಿ ಬೇರೆ ಇಡುತ್ತಿದ್ದಳು ಎಂದೆ. ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಕೂದಲು ಬಿಚ್ಚಿ ಕೂಡುತ್ತಿದ್ದಳು, ಆಗ ಕರೆದರೆ ಓ ಅನ್ನುತ್ತಿರಲಿಲ್ಲ ಎಂದೆ. ಎಲ್ಲಿಂದ ತಂದೆನೋ ನನಗೇ ಗೊತ್ತಿಲ್ಲ.

ಚಿಗವ್ವನಿಗೆ ಅದೊಂದು ಆಟವಾಯಿತು. ಇಲ್ಲದ್ದಕ್ಕೆ ಅಳುತ್ತ ಕೂಡುವುದಕ್ಕಿಂತ ಹಳೆಯ ಕಾಲವನ್ನೇ ಚೆಂದ ಮಾಡಿಕೊಂಡು ಬಾಳೋಣ ಎನ್ನುವ ಸ್ವಭಾವ ಅವಳದು. ಹರಳೆಣ್ಣೆಯ ದೀಪ ಹಚ್ಚಿದಳು. ಅಟ್ಟ ಸೇರಿದ್ದ ನೆಲುವುಗಳನ್ನು ತಂದು ಹಾಲು ಮೊಸರಿನ ಗಡಿಗೆ ತೂಗುಹಾಕಿದಳು. ಹರಿದ ಸೀರೆಗಳನ್ನು ಸೇರಿಸಿ ಕೌದಿ ಹೊಲಿದಳು. ಬುಗುಡಿ ಇಟ್ಟು, ಡಾಬು ಕಟ್ಟಿ, ಸೆರಗು ಕಚ್ಚಿಕೊಂಡು ಒಲೆಯ ಮುಂದೆ ಕೂತರೆ ಮನೆಗೇ ಒಂದು ಕಳೆ. ಸಾಲೆ ಬಿಟ್ಟಕೂಡಲೇ ನಾನು ಓಡಿ ಬರುತ್ತಿದ್ದೆ. ನನಗೂ ಒಬ್ಬ ಅವ್ವ ಇದ್ದಾಳೆ, ಹಿಂದೆ ಇದ್ದವಳೇ ಇದ್ದಾಳೆ ಎನ್ನಿಸುತ್ತಿತ್ತು. ಅಂಥ ಸುಖ ಮತ್ತೆ ನಾನು ಕಂಡದ್ದು ಕಡಿಮೆ.

ಮೊದಲ ಸಲ ಹೆದರಿಕೆ ಆದದ್ದು ಅಪ್ಪ ಬಂದ ದಿನ. ಅವನು ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತ. ಚಿಗವ್ವ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಸೆರಗಿನ ತುದಿ ಹಲ್ಲಲ್ಲಿತ್ತು. ಅಪ್ಪ ಕೈಯಲ್ಲಿದ್ದ ಚೀಲ ಕೆಳಗಿಟ್ಟು, "ಗಂಗಾ" ಎಂದ.

"ಬಂದ್ನಿ" ಎಂದಳು ಚಿಗವ್ವ, ತಿರುಗದೆಯೇ.

ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತವನು ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಚಿಗವ್ವನನ್ನು ಕೇಳಿದೆ: "ಅಪ್ಪ ಬ್ಯಾರೆ ಹೆಸರು ಹಿಡದು ಕರದ್ರ ನೀ ಯಾಕ ಓ ಅಂದಿ?" ಅವಳು ನನ್ನನ್ನೇ ನೋಡಿ, "ನನ್ನ ಹೆಸರ ಕರದ್ರಲ್ಲ" ಎಂದಳು.

ಪಕ್ಕದ ಮನೆಯಲ್ಲಿ ಮಾಬೂಬಿ ಎಂಬವಳಿದ್ದಳು. ಹೊಲಿಗೆ ಮಿಷಿನ್ನು ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸವೆಲ್ಲ ಹೊಲಿಯುತ್ತಿದ್ದಳು. ಅವ್ವನ ಕುಪ್ಪಸಗಳನ್ನೂ ಅವಳೇ ಹೊಲಿದಿದ್ದಳು. ಚಿಗವ್ವನಿಗೆ ಅವು ಎರಡು ಬೆರಳಷ್ಟು ಸಡಿಲವಾಗುತ್ತಿದ್ದುದರಿಂದ ಒಳಗಿನಿಂದ ಹೊಲಿಗೆ ಹಿಡಿದು ಕೊಟ್ಟವಳೂ ಅವಳೇ. ಒಂದು ಮುಂಜಾನೆ ಮಜ್ಜಿಗೆ ಕೇಳಲಿಕ್ಕೆ ಬಂದ ಮಾಬೂಬಿ ಬುಟ್ಟಿಯಲ್ಲಿದ್ದ ರೊಟ್ಟಿ ನೋಡಿ ಚರಿಗೆ ಹಾಗೇ ಹಿಡಿದು ನಿಂತಳು. ಮೊದಲ ರೊಟ್ಟಿಯ ಮೇಲೆ ಮೂರು ಬೆರಳಿನ ಗುರುತಿತ್ತು.

"ಇದನ್ನ ಯಾರು ಹೇಳಿಕೊಟ್ರವಾ ನಿನಗ?"

"ನೀಲಾ ಹೇಳಿದ್ಲರಿ. ಅಕ್ಕ ಹಿಂಗ ಮಾಡತಿದ್ಲಂತ."

ಮಾಬೂಬಿ ನನ್ನ ಕಡೆ ನೋಡಿದಳು. "ಹೌದು, ಮಾಡತಿದ್ಲು. ಆದ್ರ ಆಗ ಇದು ಮೂರು ವರ್ಷದ ಕೂಸು. ಇದಕ್ಕ ಹೆಂಗ ಗೊತ್ತು?" ಎಂದವಳು ಮಜ್ಜಿಗೆ ಒಯ್ಯುವುದನ್ನೂ ಮರೆತು ಹೋದಳು.

ಸುಳ್ಳು ಹೇಳಿ ಸಿಕ್ಕಿಬಿದ್ದರೆ ಏನು ಮಾಡಬೇಕು ಎನ್ನುವುದು ಎಲ್ಲ ಮಕ್ಕಳಿಗೂ ಗೊತ್ತು. ಸುಳ್ಳು ಹೇಳಿ, ಅದು ನಿಜವಾಗಿ ನಿಂತರೆ ಏನು ಮಾಡಬೇಕು? ಆದರೂ ನಾನು ನಿಲ್ಲಿಸಲಿಲ್ಲ. ಅವ್ವ ನನ್ನ ಬಾಯಿಂದಲೇ ಬರುತ್ತಿದ್ದಾಳೆ ಎಂದರೆ ಯಾವ ಮಗಳು ಬಾಯಿ ಮುಚ್ಚುತ್ತಾಳೆ?

ಅಷ್ಟರಲ್ಲಿ ಚಿಗವ್ವ ಬಸುರಿ ಎಂದು ಗೊತ್ತಾಗಿತ್ತು. ಬೇಸಿಗೆ ಏರಿದಂತೆ ಅವಳ ನಗು ಕಡಿಮೆಯಾಯಿತು. ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಕೂದಲು ಬಿಚ್ಚಿ ಕೂತರೆ ಎರಡು ಸಲ, ಮೂರು ಸಲ ಕರೆದರೂ ಓ ಅನ್ನುತ್ತಿರಲಿಲ್ಲ. ಹಿಂದೆ ಆಟಕ್ಕೆ ಹಾಗೆ ಮಾಡಿ ಕೊನೆಗೆ ನಕ್ಕುಬಿಡುತ್ತಿದ್ದಳು. ಈಗ ಕಣ್ಣು ನನ್ನ ಮೇಲೆ ಹಾಯ್ದು ಹೋಗುತ್ತಿತ್ತು, ಗುರುತು ಹತ್ತುತ್ತಿರಲಿಲ್ಲ. ಕುಪ್ಪಸ ಬಿಗಿಯಾಗಿ ಮಾಬೂಬಿ ತಾನು ಹಿಡಿದಿದ್ದ ಹೊಲಿಗೆ ಬಿಚ್ಚಿದಾಗ, ಅದು ಅವ್ವನ ಕಾಲದ ಹಳೆಯ ಅಳತೆಗೇ ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಬಂದು ಕೂತಿತು. ಬಸುರಿಯ ಮೈ ತುಂಬುವುದು ಸಹಜ ಎಂದು ಈಗ ಹೇಳಬಲ್ಲೆ. ಆ ದಿನ ಮಾಬೂಬಿ ಸೂಜಿ ಕೆಳಗಿಟ್ಟಳು.

ಒಂದು ದಿನ ಸಾಲೆಯಿಂದ ಬಂದಾಗ ಬೀಸುವ ಕಲ್ಲು ಅಡಿಗೆಮನೆಯಲ್ಲಿರಲಿಲ್ಲ. ಚಿಗವ್ವ ಅದನ್ನು ಹಿಂದಿನ ಸಣ್ಣ ಕೋಣೆಯ ಕಿಟಕಿಯ ಕೆಳಗೆ ಸರಿಸಿದ್ದಳು. ಏಳು ತಿಂಗಳು ತುಂಬುತ್ತಿದ್ದ ಬಸುರಿ ಅಷ್ಟು ಭಾರ ಹೇಗೆ ಸರಿಸಿದಳೋ! ನಾನು ಬಗ್ಗಿ ನೋಡಿದೆ. ನೆಲದ ಸಾರಣೆ ಒಂದಿಷ್ಟು ಎದ್ದಿತ್ತು. ಅದರ ಕೆಳಗೆ ಕಲ್ಲಿನಷ್ಟೇ ಅಗಲದ ಒಂದು ಹಳೆಯ ತಗ್ಗು. ಕಲ್ಲು ಆ ತಗ್ಗಿನಲ್ಲಿ ಸರಿಯಾಗಿ ಕೂತಿತ್ತು. ಇದನ್ನಂತೂ ನಾನು ಹೇಳಿಕೊಟ್ಟಿರಲಿಲ್ಲ.

ಬಸುರಿಗೆ ಹಸಿರು ಉಡಿಸಿ ಆರತಿ ಎತ್ತುವ ಕುಬಸ ಮಾಡಿ ತಂಗಿಯನ್ನು ಹೆರಿಗೆಗೆ ಕರೆದೊಯ್ಯಲು ಪಾಳಾದಿಂದ ಚಿಗವ್ವನ ಅಣ್ಣ ಬಸವಣ್ಣೆಪ್ಪ ಗಾಡಿ ಕಟ್ಟಿಕೊಂಡು ಬಂದ. ಅಪ್ಪನೂ ಬಂದಿದ್ದ. ಬಟ್ಟೆ ಸಿಗದ ಆ ಕಾಲದಲ್ಲಿ ಬಸವಣ್ಣೆಪ್ಪ ಎಲ್ಲಿಂದಲೋ ಹಸಿರು ಸೀರೆ, ಹಸಿರು ಖಣ ಹೊಂದಿಸಿ ತಂದಿದ್ದ. ಚಿಗವ್ವ ಅವನ್ನು ಮುಟ್ಟಲಿಲ್ಲ. ಟ್ರಂಕಿನ ತಳದಿಂದ ಅವ್ವನ ಹಸಿರು ಸೀರೆ ತೆಗೆದು ಉಟ್ಟು ಬಂದು ಮಣೆಯ ಮೇಲೆ ಕೂತಳು. ಆರತಿ ಆಯಿತು. ಅಣ್ಣ ಹೇಳಿದ:

"ಮಿರಗದ ಮಳಿ ಇವತ್ತೋ ನಾಳೆಯೋ ಅನ್ನೂಹಂಗೈತಿ. ಹಳ್ಳ ತುಂಬಿದ್ರ ಗಾಡಿ ದಾಟೂದಿಲ್ಲ. ನಾಳೆ ಮುಂಜಾನೆ ಹೋಗೂಣು, ಶಾಂತಾ."

"ಅಕ್ಕ ಹೆರಿಗೆಗೆ ತವರಿಗೆ ಹೋಗಿದ್ದಿಲ್ಲಂತ. ನಾನೂ ಹೋಗೂದಿಲ್ಲ."

ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. "ನಿನಗ ಯಾರು ಹೇಳಿದ್ರು?" ಎಂದು ಕೇಳಿದ.

ಹೇಳಿದವಳು ನಾನು. ಎಂಟು ದಿನದ ಹಿಂದೆ, ಅವಳು ತವರಿನ ಮಾತು ತೆಗೆದಾಗ ನನ್ನ ಜೀವ ಹಾರಿಹೋಗಿತ್ತು. ನಾಲ್ಕಾರು ತಿಂಗಳು ಅವಳಿಲ್ಲದ ಮನೆ ನೆನೆಸಿಕೊಳ್ಳಲಾರದೆ, "ನಮ್ಮವ್ವ ಎಲ್ಲೂ ಹೋಗಲಿಲ್ಲ, ಇಲ್ಲೇ ಹಡದ್ಲು" ಎಂದುಬಿಟ್ಟಿದ್ದೆ.

ಅಣ್ಣ ಬೇಡಿಕೊಂಡ, ಅಪ್ಪ ಗದರಿಸಿದ. ಅವಳು ಜಗ್ಗಲಿಲ್ಲ. ಮಾಬೂಬಿ ನನ್ನ ರಟ್ಟೆ ಹಿಡಿದು ತನ್ನ ಮನೆಯ ಕಟ್ಟೆಗೆ ಎಳೆದುಕೊಂಡು ಹೋದಳು. ಅವಳ ಕಣ್ಣು ಕೆಂಪಾಗಿದ್ದವು.

"ನಿಮ್ಮವ್ವ ಹೆಂಗ ಸತ್ಲು ಗೊತ್ತೇನ ಬೇಟಿ? ಇದ ಹಸರ ಸೀರಿ ಉಟ್ಟು ಕುಬಸ ಮಾಡಿಸಿಕೊಂಡ್ಲು. ಕರಿಯಾಕ ಬಂದವರನ್ನ ತಿರುಗಿ ಕಳಿಸಿದ್ಲು. ಹೋದ್ರ ನಾ ತಿರುಗಿ ಬರೂದಿಲ್ಲಂತ ಕನಸ ಬಿದ್ದೈತಿ ಅಂದ್ಲು. ಮಳ್ಯಾಗ ಸೂಲಗಿತ್ತಿ ಹಳ್ಳದ ಆಚಿ ಸಿಕ್ಕೊಂಡ್ಲು. ಹಿಂದಿನ ಸಣ್ಣ ಕ್ವಾಣ್ಯಾಗ, ಬೀಸೂಕಲ್ಲಿನ ಬಾಜೂಕ, ಎರಡು ದಿನ ಒದ್ದಾಡಿದ್ಲು. ಅಕಿನೂ ಹೋದ್ಲು, ಕೂಸೂ ಹೋತು. ಆ ಕಲ್ಲು ಅಲ್ಲಿಂದ ತಗಿಸಿದ್ದು ನಿಮ್ಮಜ್ಜಿ."

ಮನೆಯವರು ಇದನ್ನೆಲ್ಲ ಹೇಳಿದರೂ ಚಿಗವ್ವ ಕೇಳುವವಳಲ್ಲ ಎಂದು ನನಗೆ ಗೊತ್ತಿತ್ತು. ಅವಳು ನಂಬುತ್ತಿದ್ದದ್ದು ನನ್ನೊಬ್ಬಳ ಮಾತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಅವ್ವ ನನಗೆ ಪೂರ್ತಿ ಇಲ್ಲವಾಗುತ್ತಾಳೆ. ತೆಗೆದುಕೊಳ್ಳದಿದ್ದರೆ ಚಿಗವ್ವ ಸಾಯುತ್ತಾಳೆ. ಹನ್ನೊಂದರ ಹುಡುಗಿಗೆ ಇದು ಇಷ್ಟು ಸ್ಪಷ್ಟವಾಗಿ ಹೊಳೆಯಿತೇ ಎಂದರೆ, ಹೊಳೆಯಿತು. ಆದರೂ ಆ ಸಂಜೆ ನಾನು ಬಾಯಿ ಬಿಡಲಿಲ್ಲ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಮುಂಜಾನೆ ಮೋಡ ಮನೆಯ ಮಾಡಿನವರೆಗೆ ಇಳಿದಿತ್ತು. ಬಸವಣ್ಣೆಪ್ಪ ಖಾಲಿ ಗಾಡಿಗೆ ಎತ್ತು ಹೂಡುತ್ತಿದ್ದ. ಚಿಗವ್ವ ಸಣ್ಣ ಕೋಣೆಯಲ್ಲಿ ಹಸಿರು ಸೀರೆಯಲ್ಲೇ ಬೀಸುತ್ತ ಕೂತಿದ್ದಳು. ನಾನು ಎದುರಿಗೆ ಹೋಗಿ ನಿಂತೆ.

"ಚಿಗವ್ವಾ, ನಾ ಹೇಳಿದ್ದೆಲ್ಲಾ ಸುಳ್ಳು."

ಕಲ್ಲು ನಿಲ್ಲಲಿಲ್ಲ. "ಯಾವುದು?"

"ತವರಿಗೆ ಹೋಗಲಿಲ್ಲ ಅಂದದ್ದು. ನೀ ನನ್ನ ಬಿಟ್ಟು ಹೋಗತಿ ಅಂತ ಹೇಳಿದೆ."

"ಸೆರಗ ಕಚ್ಚೂದು?"

"ಸುಳ್ಳು."

"ಮೂರು ಬೆರಳು?"

"ಅದೂ ಸುಳ್ಳು."

ಈಗ ಕಲ್ಲು ನಿಂತಿತು. "ಹಂಗಾದ್ರ ಈ ಕಲ್ಲು? ಕಿಟಕಿ ಕೆಳಗ ಇಡು, ನಮ್ಮವ್ವ ಅಲ್ಲೇ ಇಡತಿದ್ಲು ಅಂತ ನೀನ ಹೇಳಿದಿ. ಹಿತ್ತಲ ಬಾಗಲದಾಗ ನಿಂತು ಹೇಳಿದಿ."

"ನಾ ಹೇಳಿಲ್ಲ. ಅವತ್ತು ನಾ ಸಾಲ್ಯಾಗಿದ್ದೆ."

"ನಿನ್ನ ಧ್ವನಿ ನನಗ ಗೊತ್ತಾಗೂದಿಲ್ಲೇನ, ನೀಲಾ?"

ಹಿತ್ತಲ ಬಾಗಿಲು ತೆರೆದೇ ಇತ್ತು. ಅತ್ತ ಹೊರಳಿ ನೋಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

"ನಿಮ್ಮವ್ವನ ಮುಖ ಹೆಂಗಿತ್ತು?" ಎಂದು ಮೆಲ್ಲಗೆ ಕೇಳಿದಳು.

ಆ ಒಂದು ಸುಳ್ಳನ್ನಾದರೂ ಉಳಿಸಿಕೊಳ್ಳಬೇಕು ಎಂದು ಜೀವ ಚಡಪಡಿಸಿತು. "ನನಗ ಗೊತ್ತಿಲ್ಲ. ನನಗ ಅವ್ವನ ನೆನಪ ಒಂದೂ ಇಲ್ಲ" ಎಂದೆ. ಹೇಳಿ ಅಲ್ಲೇ ಕುಸಿದು ಕೂತು ಅತ್ತೆ. ಅವ್ವ ಸತ್ತದ್ದಕ್ಕೆ ನಾನು ಅತ್ತದ್ದು ಅದೇ ಮೊದಲು.

ಚಿಗವ್ವ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಎಷ್ಟು ಹೊತ್ತಿನ ಮೇಲೋ, "ಅಣ್ಣಾ, ಗಾಡಿ ನಿಂದರಸೋ! ಸೀರಿ ಉಟ್ಟು ಬರ್ತೇನಿ" ಎಂದು ಕೂಗಿದಳು. ಅದು ಪಾಳಾದ ಶಾಂತವ್ವನ ಧ್ವನಿ. ಎಷ್ಟೋ ದಿನದಿಂದ ನಾನು ಅದನ್ನು ಕೇಳಿರಲಿಲ್ಲ. ಅಣ್ಣ ತಂದಿದ್ದ ಸೀರೆ ಉಟ್ಟಳು. ಗಾಡಿ ಏರುವ ಮುಂಚೆ ಸವತಿ ತಾಳಿ ಬಿಚ್ಚಿ ನನ್ನ ಕೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಹಾಗೆ ಬಿಚ್ಚಬಾರದು ಎಂದು ಅಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಗಾಡಿ ಊರು ದಾಟಿದ ಮೂರನೆಯ ದಿನ ಮಳೆ ಹಿಡಿಯಿತು.

ಶ್ರಾವಣದಲ್ಲಿ ಪಾಳಾದಿಂದ ಸುದ್ದಿ ಬಂತು. ಕೂಸು ಅಡ್ಡ ತಿರುಗಿತ್ತಂತೆ. ಎರಡು ದಿನ ತ್ರಾಸಾಯಿತಂತೆ. ಸೂಲಗಿತ್ತಿ, ಅವರವ್ವ, ಓಣಿಯ ಹಿರಿಯರು ಎಲ್ಲ ಹತ್ತಿರವಿದ್ದು ತಾಯಿ ಮಗ ಇಬ್ಬರನ್ನೂ ಉಳಿಸಿಕೊಂಡರಂತೆ. ಅಪ್ಪ ಪತ್ರ ಓದಿ ಮುಗಿಸಿ, ಬೀಸುವ ಕಲ್ಲನ್ನು ಅಡಿಗೆಮನೆಗೆ ತಂದು ಹಾಕಿಸಿದ.

ಸೀಗೆ ಹುಣ್ಣಿಮೆ ಕಳೆದು ಚಿಗವ್ವ ನನ್ನ ತಮ್ಮನನ್ನು ಎತ್ತಿಕೊಂಡು ಬಂದಳು. ಬಣ್ಣ ತಿರುಗಿತ್ತು, ನಗು ಮರಳಿತ್ತು. ಅವಳಿಗೆ ತೊಟ್ಟಿಲು ಕಟ್ಟಿ ಕೊಟ್ಟೆ. ಕೂಸನ್ನು ಮಲಗಿಸಿ ಹಗ್ಗ ಹಿಡಿದವಳು ನನ್ನನ್ನು ನೋಡಿ ಕೇಳಿದಳು:

"ನಿಮ್ಮವ್ವ ನಿನ್ನ ತೂಗೂಮುಂದ ಏನ ಹಾಡತಿದ್ಲು?"

"ನನಗ ಗೊತ್ತಿಲ್ಲ."

"ಹಂಗಾದ್ರ ನನಗ ಬರೂದ ಹಾಡ್ತೇನಿ" ಎಂದು ನಕ್ಕು, ತೊಟ್ಟಿಲು ತೂಗತೊಡಗಿದಳು. ಕೆರೆಯ ಏರಿಯ ಮೇಲೆ ಕೂತ ಕೊಕ್ಕರೆಯನ್ನು ಕರೆದು, ನಿದ್ದೆ ಎಲ್ಲಿ ಇಳಿಸಿ ಬಂದೆ ಎಂದು ಕೇಳುವ ಹಾಡು. ಪಾಳಾದ ಹಾಡೋ, ಎಲ್ಲರ ಹಾಡೋ. ಎರಡನೆಯ ಸಾಲಿಗೆ ನಾನು ತಲೆ ಎತ್ತಿದೆ. ಮೂರನೆಯ ಸಾಲು ಅವಳು ಹಾಡುವ ಮೊದಲೇ ನನಗೆ ಗೊತ್ತಿತ್ತು. ಹರಳೆಣ್ಣೆ ಹಚ್ಚಿದ ಒಂದು ಕೂದಲ ಎಳೆ, ನನ್ನ ಕೆನ್ನೆಯ ಮೇಲೆ ಬಗ್ಗಿದ ಒಂದು ಮುಖ, ಗಲ್ಲದ ಕೆಳಗೆ ಒಂದು ಮಚ್ಚೆ. ಕಟ್ಟಿದ ಕಥೆಯಲ್ಲ, ನಿಜವಾಗಿಯೂ ನನ್ನ ಅವ್ವ.

"ಯಾಕ, ಏನಾತು?" ಎಂದಳು ಚಿಗವ್ವ, ಹಗ್ಗ ನಿಲ್ಲಿಸಿ.

"ಏನಿಲ್ಲ. ಹಾಡು. ಈ ಹಾಡು ನಾ ಎಂದೂ ಕೇಳಿಲ್ಲ" ಎಂದೆ.